ಹಿತ್ತಲ ಕೋಣೆಯ ಥಂಡಿ ನೆಲ

ಮಾಗಡಿ ಕೆರೆಗೆ ಹೆಬ್ಬಾತುಗಳು ಬಂದಿಳಿದ ಸುದ್ದಿ ಪೇಪರಿನಲ್ಲಿ ಬಂತೆಂದರೆ ನಮ್ಮ ಕಡೆ ಅಟ್ಟದ ಮೇಲಿನ ಹಾಸಿಗೆಗಳು ಕೆಳಗಿಳಿದು ಬಿಸಿಲಿಗೆ ಬೀಳುತ್ತವೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಮುಗಿಯುವ ತನಕ ಇದ್ದು ಹೋಗುತ್ತವೆ. ಹಗಲು ನೀರಿನಲ್ಲಿ ತೇಲಾಡಿಕೊಂಡು ಇರುತ್ತವೆ, ಹೊತ್ತು ಇಳಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹಿಮ ಬೀಳುವ ನಾಡಿನಿಂದ ಬಂದ ಹಕ್ಕಿಗೆ ನಮ್ಮೂರು ಬೆಚ್ಚಗಿನ ಊರು. ನಮಗೆ ಮಾತ್ರ ಡಿಸೆಂಬರಿನ ರಾತ್ರಿ 15-16 ಡಿಗ್ರಿಗೆ ಇಳಿದರೆ ಸಾಕು, ಬೆಳಗಿನ ಜಾವ ಎದ್ದು ನೆಲಕ್ಕೆ ಕಾಲು ಊರಿದಾಗ "ಯವ್ವಾ, ಏನ್ ಥಂಡಿ ಐತಿ" ಎಂಬ ಮಾತು ತಾನಾಗಿ ಬರುತ್ತದೆ. ಎರಡೂ ನಿಜ. ವರ್ಷದಲ್ಲಿ ಎಂಟು-ಒಂಬತ್ತು ತಿಂಗಳು ಬಿಸಿಲಿಗೆ ಒಗ್ಗಿದ ಮೈಗೆ ಅಷ್ಟು ಚಳಿಯೂ ಚಳಿಯೇ.

ಆದರೆ ಈ ಮಾತು ಮನೆಯ ಎಲ್ಲ ಕಡೆಯೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಪಡಸಾಲೆಯಲ್ಲಿ ಓಡಾಡುವಾಗ ಯಾರಿಗೂ ಏನೂ ಅನ್ನಿಸುವುದಿಲ್ಲ. ನಡುಮನೆ, ಅಡುಗೆಮನೆಗಳೂ ಸರಿಯಾಗಿಯೇ ಇರುತ್ತವೆ. ಹಿಂದಿನ ಹೊಸ ಕೋಣೆಯ ಹೊಸ್ತಿಲು ದಾಟಿದೊಡನೆ ಅಂಗಾಲು ಜುಮ್ ಎನ್ನುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಗೆ ಹೋದರೂ ಹಳೆಯ ಮನೆಗೆ ಒಂದು ಕೋಣೆ ಕೂಡಿಸಿಕೊಂಡವರು ಸಿಗುತ್ತಾರೆ. ಮಗನ ಮದುವೆ ಗೊತ್ತಾದರೆ ಒಂದು ಕೋಣೆ, ಮಗಳು ಚೊಚ್ಚಲ ಹೆರಿಗೆಗೆ ಬರುತ್ತಾಳೆಂದರೆ ಒಂದು ಕೋಣೆ, ಅಪ್ಪನಿಗೆ ಮೊಣಕಾಲು ನೋವಾಗಿ ಬಚ್ಚಲು ಹತ್ತಿರ ಬೇಕೆಂದರೆ ಒಂದು ಕೋಣೆ. ದುಡ್ಡು ಕಡಿಮೆ ಬಿದ್ದರೆ ಸೊಸಾಯಿಟಿ ಸಾಲ. ಸೊಸಾಯಿಟಿ ಎಂದಾಗ ನಮ್ಮ ಜಿಲ್ಲೆಯವರ ಎದೆ ಸ್ವಲ್ಪ ಉಬ್ಬುವುದು ಸಹಜ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಈ ದೇಶದ ಸಹಕಾರಿ ಚಳವಳಿಯ ಮೊದಮೊದಲ ಹೆಜ್ಜೆಗಳಲ್ಲಿ ಒಂದು. ಅಂದು ಬೀಜಕ್ಕೂ ಎತ್ತಿಗೂ ಹುಟ್ಟಿದ ಸಾಲದ ದಾರಿ ಇಂದು ಸಿಮೆಂಟಿಗೂ ಟೈಲ್ಸಿಗೂ ಹೋಗಿ ಮುಟ್ಟಿದೆ. ಅದು ಒಳ್ಳೆಯದೇ ಆಯಿತು. ಹಳೆಯ ಮನೆ ಕೆಡವದೆ ಬೆಳೆಸಿಕೊಳ್ಳಲು ಬಡವರಿಗೂ ಸಾಧ್ಯವಾಯಿತು.

ಜಾಗ ಎಲ್ಲಿ ಸಿಗಬೇಕು? ಹಿತ್ತಲಲ್ಲೇ. ಮೊದಲು ಅಲ್ಲಿ ಕಟ್ಟಿಗೆ ಒಟ್ಟುತ್ತಿದ್ದರು, ಎಮ್ಮೆ ಕಟ್ಟುತ್ತಿದ್ದರು, ಬಚ್ಚಲ ನೀರು ಹರಿದು ಬಾಳೆಗಿಡದ ಬುಡಕ್ಕೆ ಹೋಗುತ್ತಿತ್ತು. ಅಂಥ ಕಡೆ ನಾಲ್ಕು ಗೋಡೆ ಎದ್ದು, ಮೇಲೆ ಪತ್ರಾಸು ಬಿದ್ದು, ಕೆಳಗೆ ಮಿರಮಿರ ಮಿಂಚುವ ಟೈಲ್ಸು ಬಂದು ಕೂಡುತ್ತದೆ.

ಲಕ್ಷ್ಮೇಶ್ವರದಲ್ಲಿರುವ ನನ್ನ ಅಕ್ಕನ ಮನೆಯ ಕೋಣೆಯೂ ಇದೇ ಜಾತಿಯದು. ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆ. ಅದರ ಉತ್ತರಕ್ಕೆ, ಹಿತ್ತಲಲ್ಲಿ, 10 ಅಡಿ ಅಗಲ 12 ಅಡಿ ಉದ್ದದ ಕೋಣೆ. ಅಕ್ಕನ ಅತ್ತೆಗೆ ಎಂಬತ್ತು ದಾಟಿದೆ, ರಾತ್ರಿ ಎದ್ದು ಬಚ್ಚಲಿಗೆ ಹೋಗುವುದು ಕಷ್ಟ, ಅದಕ್ಕೇ ಬಚ್ಚಲು ಕೂಡಿಸಿ ಕಟ್ಟಿಸಿದ ಕೋಣೆ ಅದು. ಬೇಸಿಗೆಯಲ್ಲಿ ಮುದುಕಿ ಖುಷಿಯಿಂದ ಇದ್ದಳು. ದೀಪಾವಳಿ ದಾಟಿದ ಮೇಲೆ ಹೊರಸಿನಿಂದ ಕಾಲು ಕೆಳಗಿಳಿಸುವುದನ್ನೇ ಬಿಟ್ಟಳು. "ಇದು ನೆಲಾ ಅಲ್ಲವಾ, ಬಾವಿ ನೀರಾಗ ಕಾಲಿಟ್ಟಂಗ ಆಕ್ಕೇತಿ" ಎಂದು ಹೇಳಿ ತನ್ನ ಹಾಸಿಗೆಯನ್ನು ಮತ್ತೆ ನಡುಮನೆಗೆ ಎಳೆದುಕೊಂಡು ಹೋದಳು. ಮೊಮ್ಮಗ ಬೆಂಗಳೂರಿನಿಂದ ಫೋನು ಮಾಡಿ ರೂಮ್ ಹೀಟರ್ ಕಳಿಸುತ್ತೇನೆ ಎಂದ. ಅಕ್ಕ ನನ್ನನ್ನು ಕರೆದಳು.

ಹೀಟರ್ ತರುವ ಮೊದಲು ನೆಲಕ್ಕೆ ಏನಾಗಿದೆ ಎಂದು ನೋಡಬೇಕು. ಅದಕ್ಕೆ ಒಂದು ಸಾದಾ ಪರೀಕ್ಷೆ ಇದೆ, ಖರ್ಚಿಲ್ಲದ್ದು. ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು, ಟೈಲ್ಸಿನ ಸಂದುಗಳು ಅದರ ಅಡಿಗೆ ಬರುವಂತೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ನಾವು ಹಾಗೆ ಮಾಡಿ ಮರುದಿನ ತೆಗೆದು ನೋಡಿದಾಗ ಹಾಳೆಯ ಒಳಮೈಗೆ, ಸರಿಯಾಗಿ ಸಂದುಗಳ ಗೆರೆಯ ಮೇಲೆಯೇ, ಸಾಸಿವೆ ಗಾತ್ರದ ಹನಿಗಳು ಕೂತಿದ್ದವು. ಹನಿ ಹಾಳೆಯ ಮೇಲ್ಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ಪಸೆ. ಒಳಮೈಯಲ್ಲಿದ್ದರೆ ಭೂಮಿಯಿಂದ ಏರಿ ಬಂದದ್ದು. ಅಕ್ಕನ ಕೋಣೆಯ ನೆಲ ಕೆಳಗಿನಿಂದ ನೀರು ಕುಡಿಯುತ್ತಿತ್ತು.

ಒದ್ದೆ ನೆಲ ಯಾಕೆ ಅಷ್ಟು ಥಂಡಿ ಎಂದು ತಿಳಿಯಲು ಗದಗಿನವರು ವೀರನಾರಾಯಣ ಗುಡಿಗೆ ಹೋದರೆ ಸಾಕು. ಕುಮಾರವ್ಯಾಸ ಕೋನೇರಿ ತೀರ್ಥದಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಬಂದು ಗುಡಿಯ ಕಂಬಕ್ಕೆ ಒರಗಿ ಕೂತು ಭಾರತ ರಚಿಸುತ್ತಿದ್ದ, ಬಟ್ಟೆ ಆರುವ ತನಕ ಪದ್ಯ ಹರಿಯುತ್ತಿತ್ತು ಎಂಬ ಐತಿಹ್ಯ ಕೇಳಿಕೊಂಡೇ ನಾವೆಲ್ಲ ಬೆಳೆದವರು. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ಕಾವ್ಯದ ಜೊತೆಗೆ ಆ ಒದ್ದೆ ಬಟ್ಟೆಯೂ ನೆನಪಾಗುತ್ತದೆ. ಮಾಗಿಯ ಬೆಳಗು, ಕಲ್ಲಿನ ನೆಲ, ಕಲ್ಲಿನ ಕಂಬ, ಮೈಮೇಲೆ ಆರುತ್ತಿರುವ ನೀರು. ಒಂದು ಗ್ರಾಂ ನೀರು ಆವಿಯಾಗಿ ಹೋಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಆ ಶಾಖವನ್ನು ನೀರು ತಾನು ಕೂತ ಜಾಗದಿಂದಲೇ ಎಳೆದುಕೊಳ್ಳುತ್ತದೆ, ಮೈಯಾದರೆ ಮೈಯಿಂದ, ಕಲ್ಲಾದರೆ ಕಲ್ಲಿನಿಂದ. ನಮ್ಮ ಕಡೆಯ ಚಳಿಗಾಲದ ಗಾಳಿ ಒಣಗಾಳಿ, ಆರುವುದೂ ಬೇಗ, ತಣಿಯುವುದೂ ಬೇಗ. ಟೈಲ್ಸಿನ ಸಂದಿನಿಂದ ರಾತ್ರಿಯಿಡೀ ಪಸೆ ಆರುತ್ತಿದ್ದರೆ ಆ ನೆಲ ರಾತ್ರಿಯಿಡೀ ತಣಿಯುತ್ತಲೇ ಇರುತ್ತದೆ. ಅಂಥ ನೆಲಕ್ಕೆ ಹೀಟರ್ ಹಚ್ಚಿದರೆ ಕರೆಂಟು ಖರ್ಚಾಗುವುದು ಭೂಮಿಯ ನೀರನ್ನು ಆರಿಸಲಿಕ್ಕೆ.

ಎರಿ ಭೂಮಿಯ ಮೇಲೆ ಮನೆ ಕಟ್ಟುವವರಿಗೆ ಈ ಪಸೆಯ ಕಾಟ ಹೊಸದಲ್ಲ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮುಂಗಾರಿನಲ್ಲಿ ಕುಡಿದ ನೀರನ್ನು ಹಿಂಗಾರಿ ಜೋಳಕ್ಕೆ ಉಳಿಸಿಕೊಡುವ ಈ ಗುಣವೇ ನಮ್ಮನ್ನು ಸಾಕಿದ ಗುಣ. ಅದೇ ಗುಣ ಮನೆಯ ಅಡಿಗೆ ಬಂದಾಗ ತೊಂದರೆ. ತಿಳಿದ ಗೌಂಡಿಗಳು ಏನು ಮಾಡುತ್ತಾರೆಂದರೆ, ಎರಿಯನ್ನು ಎರಡು-ಮೂರು ಅಡಿ ಬಗೆದು ತೆಗೆದು, ಅಲ್ಲಿ ಗರಸು ತುಂಬಿ, ನೀರು ಹೊಡೆದು, ದಮ್ಮಸು ಮಾಡಿ, ಮೇಲೆ ಕಲ್ಲು ಕೂಡಿಸಿ, ಆಮೇಲೆ ಕಾಂಕ್ರೀಟು. ಕಲ್ಲಿಗೂ ಕಾಂಕ್ರೀಟಿಗೂ ನಡುವೆ 250 ಮೈಕ್ರಾನಿನ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ಗೋಡೆಯ ಮೇಲೆ ಒಂದು ಗೇಣು ಹತ್ತಿಸಿದರೆ ಭೂಮಿಯ ಪಸೆ ಅಲ್ಲಿಗೇ ನಿಂತಿತು. 120 ಚದರ ಅಡಿಯ ಕೋಣೆಗೆ ಆ ಹಾಳೆಯ ಬೆಲೆ ಟೈಲ್ಸಿನ ಬೆಲೆಯ ಮುಂದೆ ಏನೇನೂ ಅಲ್ಲ. ಅಕ್ಕನ ಕೋಣೆಗೆ ಗರಸು ಬಿದ್ದಿತ್ತು, ಹಾಳೆ ಬಿದ್ದಿರಲಿಲ್ಲ. ಜೊತೆಗೆ ಹಳೆಯ ಬಚ್ಚಲ ನೀರಿನ ಕಾಲುವೆ ಹೊಸ ಗೋಡೆಯ ಬುಡಕ್ಕೇ ಬಂದು ಮುಗಿಯುತ್ತಿತ್ತು. ಬಾಳೆಗಿಡವೂ ಅಲ್ಲೇ ಸೊಂಪಾಗಿ ನಿಂತಿತ್ತು!

ಹಾಕಿದ ಟೈಲ್ಸು ಕೀಳುವ ಮಾತು ಯಾರೂ ಆಡಲಿಲ್ಲ. ಮೊದಲು ನೀರಿಗೆ ಬೇರೆ ದಾರಿ ತೋರಿಸಿದೆವು. ಬಚ್ಚಲ ನೀರನ್ನು ಪೈಪಿನಲ್ಲಿ ಗೋಡೆಯಿಂದ ದೂರ ಒಯ್ದು, ಗೋಡೆಯ ಹೊರಗಿನ ಮಣ್ಣನ್ನು ಇಳಿಜಾರು ಮಾಡಿ, ಅದರ ಮೇಲೆ ಒಂದು ಮೊಳ ಅಗಲ ಫರಸಿ ಹಾಕಿಸಿ, ಪತ್ರಾಸಿನಿಂದ ಸುರಿಯುವ ಮಳೆನೀರಿಗೆ ದೋಣಿ ಕಟ್ಟಿಸಿದ್ದಾಯಿತು. ಬಾಳೆಗಿಡ ಹಿತ್ತಲ ಆಚೆ ಮೂಲೆಗೆ ಹೋಯಿತು. ಟೈಲ್ಸಿನ ಸಂದುಗಳನ್ನು ಕೆರೆದು ಹೊಸದಾಗಿ ತುಂಬಿಸಿದ್ದೂ ಆಯಿತು. ಭೂಮಿ ಒಂದೇ ವಾರದಲ್ಲಿ ಆರುವುದಿಲ್ಲ, ಎರಡು-ಮೂರು ತಿಂಗಳಾದರೂ ಬೇಕು. ಸಂಕ್ರಾಂತಿಯ ಹೊತ್ತಿಗೆ ಇನ್ನೊಮ್ಮೆ ಹಾಳೆ ಹಾಸಿ ನೋಡಿದಾಗ ಒಳಮೈ ಒಣಗಿತ್ತು.

ನೆಲ ಒಣಗಿತೆಂದರೆ ಥಂಡಿ ಅರ್ಧ ಹೋಯಿತು. ಉಳಿದರ್ಧಕ್ಕೆ ಟೈಲ್ಸಿನ ಸ್ವಭಾವವೇ ಕಾರಣ. ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಹೊರಸಿನ ಕಟ್ಟಿಗೆ ಕಾಲು, ಕಂಬಳಿ, ಟೈಲ್ಸು, ಈ ಮೂರರ ಉಷ್ಣತೆ ಹೆಚ್ಚು ಕಡಿಮೆ ಒಂದೇ. ಆದರೂ ಕಂಬಳಿ ಬೆಚ್ಚಗೆ, ಟೈಲ್ಸು ತಣ್ಣಗೆ. ಅಂಗಾಲು ಸುಮಾರು 30 ಡಿಗ್ರಿ ಕಾವಿನಲ್ಲಿರುತ್ತದೆ. ಯಾವ ವಸ್ತು ಆ ಕಾವನ್ನು ಬೇಗ ಎಳೆದುಕೊಂಡು ಒಳಗೆ ಸಾಗಿಸುತ್ತದೋ ಅದನ್ನು ನಾವು ತಣ್ಣಗಿದೆ ಎನ್ನುತ್ತೇವೆ. ಇಳಕಲ್ಲಿನ ಕೆಂಪು ಗ್ರಾನೈಟು ಉಣ್ಣೆಗಿಂತ ಸುಮಾರು 60 ಪಟ್ಟು ವೇಗದಲ್ಲಿ ಶಾಖ ಸಾಗಿಸುವ ಕಲ್ಲು. ಟೈಲ್ಸು ಗ್ರಾನೈಟಿನಷ್ಟಿಲ್ಲ, ಆದರೂ ಉಣ್ಣೆಗಿಂತ ಇಪ್ಪತ್ತೈದು ಪಟ್ಟಿಗೆ ಕಡಿಮೆಯಿಲ್ಲ. ಇನ್ನೊಂದು ಸಂಗತಿ, ಟೈಲ್ಸಿನ ಮೈ ಎಷ್ಟು ನುಣುಪೆಂದರೆ ಅಂಗಾಲಿನ ಎಲ್ಲ ಭಾಗವೂ ಅದಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಮಸಾರಿ ಮಣ್ಣು ಬಡಿದು, ಹೆಂಡಿಯಿಂದ ಸಾರಿಸಿದ ನೆಲ ಇರುತ್ತಿತ್ತು. ಹೆಂಡಿಯಲ್ಲಿ ಹುಲ್ಲಿನ ನಾರು, ನಾರಿನ ನಡುವೆ ಗಾಳಿ, ಮೇಲೆ ಸಾರಿಸಿದವಳ ಬೆರಳಿನ ಗೆರೆಗಳು. ಕಾಲು ಆ ಗೆರೆಗಳ ನೆತ್ತಿಯನ್ನಷ್ಟೇ ಮುಟ್ಟುತ್ತಿತ್ತು. ಸಾರಿಸಿದ ಹೊತ್ತಿಗೆ ತಂಪಾಗಿದ್ದರೂ ಬಿಸಿಲೇರುವುದರೊಳಗೆ ಒಣಗಿ ಹದಕ್ಕೆ ಬರುತ್ತಿತ್ತು. ಆ ನೆಲವನ್ನು ವಾರಕ್ಕೊಮ್ಮೆ ಮೊಣಕಾಲೂರಿ ಸಾರಿಸುತ್ತಿದ್ದವರು ಹೆಂಗಸರು, ಅವರ ಸೊಂಟ ಅದರ ಬೆಲೆ ತೆತ್ತಿದೆ. ಆದ್ದರಿಂದ ಮಣ್ಣಿನ ನೆಲಕ್ಕೆ ಮರಳೋಣ ಎಂದು ನಾನು ಯಾರಿಗೂ ಹೇಳುವುದಿಲ್ಲ. ಟೈಲ್ಸು ಇರಲಿ.

ಇನ್ನು ಪತ್ರಾಸು. ನೆಲ ಥಂಡಿ ಎಂದು ನೆಲವನ್ನೇ ಬೈಯುವವರು ಒಮ್ಮೆ ತಲೆ ಎತ್ತಿ ನೋಡಬೇಕು. ನಮ್ಮ ಕಡೆ ಡಿಸೆಂಬರ್-ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ, ಮೋಡದ ಹೊದಿಕೆ ಇರುವುದಿಲ್ಲ. ತೆಳ್ಳಗಿನ ತಗಡು ತನ್ನ ಶಾಖವನ್ನೆಲ್ಲ ಆ ಬಯಲು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಸುಕಿನಲ್ಲಿ ಪತ್ರಾಸಿನ ಒಳಮೈಯಿಂದ ತೊಟ್ಟಿಕ್ಕುವ ನೀರು ಸೋರಿಕೆಯದಲ್ಲ, ಕೋಣೆಯ ಗಾಳಿಯ ಪಸೆ ಅಲ್ಲಿ ಹನಿಗಟ್ಟಿದ್ದು. ತಗಡಿಗೆ ತಾಗಿ ತಣಿದ ಗಾಳಿ ಭಾರವಾಗಿ ಕೆಳಗೆ ಇಳಿದು ನೆಲದ ಮೇಲೆ ಹರಡಿಕೊಳ್ಳುತ್ತದೆ. ತಗಡಿಗೂ ಗೋಡೆಗೂ ನಡುವಿನ ಸಂದಿಯಿಂದ, ಬಾಗಿಲ ಕೆಳಗಿನ ಬೆರಳಗಲದ ಬಿರುಕಿನಿಂದ ಹೊರಗಿನ ಗಾಳಿಯೂ ಬಂದು ಸೇರಿಕೊಳ್ಳುತ್ತದೆ. ಮುಂಡರಗಿಯಲ್ಲಿ ಗೆಳೆಯನೊಬ್ಬ ಪತ್ರಾಸಿನ ಕೆಳಗೆ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿ ಕಟ್ಟಿಸಿ, ಅದರ ಮೇಲೆ ಥರ್ಮೋಕೋಲ್ ಹಾಳೆ ಹರವಿದ. ಬೇಸಿಗೆಯ ಕಾವು ತಡೆಯಲೆಂದು ಮಾಡಿಸಿದ್ದು, ಚಳಿಗಾಲದಲ್ಲೂ ಕೋಣೆ ಹದವಾಗಿರುವುದನ್ನು ಕಂಡು ಅವನಿಗೇ ಆಶ್ಚರ್ಯವಾಯಿತು. ಅಕ್ಕನ ಮನೆಯಲ್ಲೂ ಅದನ್ನೇ ಮಾಡಿಸಿದೆವು. ಬಾಗಿಲ ಬುಡಕ್ಕೆ ರಬ್ಬರ್ ಪಟ್ಟಿ ಹೊಡೆಸಿದೆವು.

ಅಕ್ಕನ ಮನೆಯಲ್ಲಿ ಮಾಡಲಾಗದೆ ಉಳಿದದ್ದು ಸೂರ್ಯನನ್ನು ಒಳಗೆ ಕರೆಯುವ ಕೆಲಸ. ಉತ್ತರಕ್ಕೆ ಕೂಡಿಸಿದ ಕೋಣೆಯ ದಕ್ಷಿಣದ ಗೋಡೆ ಹಳೆಯ ಮನೆಯದೇ ಆಗಿರುತ್ತದೆ, ಅಲ್ಲಿ ಕಿಟಕಿ ಎಲ್ಲಿಂದ ಬರಬೇಕು? ಚಳಿಗಾಲದ ಬಿಸಿಲು ಮುಂದಿನ ಮನೆಯ ನೆರಳನ್ನು ದಾಟಿ ಬರುವುದೇ ಇಲ್ಲ. ನಮ್ಮ ಊರುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೈದು ಡಿಗ್ರಿ ಚಿಲ್ಲರೆಯಲ್ಲಿವೆ. ಡಿಸೆಂಬರ್ ಮೂರನೆಯ ವಾರದ ನಡುಹಗಲಿನಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಯ ಮೇಲಂಚು ನೆಲದಿಂದ 7 ಅಡಿ ಇದ್ದರೆ, ಸಜ್ಜೆ ಚಿಕ್ಕದಿದ್ದರೆ, ಆ ಬಿಸಿಲು ಐದು ಅಡಿಯವರೆಗೆ ಕೋಣೆಯ ನೆಲದ ಮೇಲೆ ಬಂದು ಮಲಗುತ್ತದೆ. ಟೈಲ್ಸು, ಕಾಂಕ್ರೀಟು ಅದನ್ನು ಹೀರಿಕೊಂಡು ಸಂಜೆಯವರೆಗೆ ಬಿಡುತ್ತಾ ಇರುತ್ತವೆ. ಅದೇ ಮೇ ಮೊದಲ ವಾರಕ್ಕೆ ಬನ್ನಿ, ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ದಕ್ಷಿಣದ ಕಿಟಕಿಯಿಂದ ಒಂದು ತುಣುಕು ಬಿಸಿಲೂ ಒಳಗೆ ಬರುವುದಿಲ್ಲ. ಬೇಕಾದ ಕಾಲಕ್ಕೆ ಬರುವ, ಬೇಡದ ಕಾಲಕ್ಕೆ ದೂರ ನಿಲ್ಲುವ ಇಂಥ ನೆಂಟ ಬೇರೆ ಯಾರಿದ್ದಾನೆ! ವಾಸ್ತು ನೋಡುವವರು ದಕ್ಷಿಣಕ್ಕೆ ಕಿಟಕಿ ಬೇಡ ಎನ್ನುವುದುಂಟು. ಮನೆಯಲ್ಲಿ ವಯಸ್ಸಾದವರು ಇದ್ದರೆ ಆ ಮಾತನ್ನು ಪಕ್ಕಕ್ಕಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನೆಲವನ್ನೇ ಕಾಸುವ ವಿದ್ಯೆಯೂ ಲೋಕದಲ್ಲಿದೆ. ರೋಮನ್ನರು ತಮ್ಮ ಸ್ನಾನಗೃಹಗಳ ನೆಲವನ್ನು ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ ಅಡಿಯಲ್ಲಿ ಬಿಸಿಗಾಳಿ ಹರಿಸುತ್ತಿದ್ದರು. ಕೊರಿಯಾದವರ ಒಂಡೋಲ್ ಅಂತೂ ಮನೆಮನೆಯ ವಿದ್ಯೆ: ಅಡುಗೆ ಒಲೆಯ ಹೊಗೆ ಮಲಗುವ ಕೋಣೆಯ ನೆಲದ ಅಡಿಯ ಕಾಲುವೆಗಳಲ್ಲಿ ಹಾಯ್ದು ಆಚೆ ಬದಿಯ ಚಿಮಣಿಯಿಂದ ಹೋಗುತ್ತದೆ, ಮೇಲಿನ ಕಲ್ಲುಚಪ್ಪಡಿ ಕಾದು ರಾತ್ರಿಯಿಡೀ ಬೆಚ್ಚಗಿರುತ್ತದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಇಂಥ ಕೊರಿಯನ್ ಕೋಣೆಯೊಂದನ್ನು ಜಪಾನಿನಲ್ಲಿ ಕಂಡು ಮರುಳಾಗಿ, 1937ರ ಸುಮಾರಿಗೆ ತಾನು ಕಟ್ಟಿದ ಮನೆಗಳ ನೆಲದೊಳಗೆ ಬಿಸಿಯ ಕೊಳವೆ ಹುಗಿಸಿದ. ನಮ್ಮ ದೇಶದಲ್ಲೇ ಕಾಶ್ಮೀರದ ಮಸೀದಿಗಳಲ್ಲಿ, ಉಳ್ಳವರ ಮನೆಗಳಲ್ಲಿ ಹಮಾಮ್ ಇದೆ. ಕಲ್ಲಿನ ನೆಲದಡಿ ಕಟ್ಟಿಗೆ ಉರಿಸಿ, ಮೇಲೆ ಜನ ಕಾಲು ಚಾಚಿ ಕೂತು ಚಳಿಗಾಲ ಕಳೆಯುತ್ತಾರೆ. ಅಮೆರಿಕ, ಕೆನಡಾದಲ್ಲಿ ಮಕ್ಕಳ ಮನೆಗೆ ಹೋಗಿ ಬಂದ ನಮ್ಮೂರ ಹಿರಿಯರು ಅಲ್ಲಿನ ಬಿಸಿ ನೆಲದ ಬಚ್ಚಲುಮನೆಯನ್ನು ವರ್ಣಿಸಿ ದಣಿಯುವುದಿಲ್ಲ. ಆ ವಿದ್ಯುತ್ ಚಾಪೆಗಳು ಈಗ ನಮ್ಮ ಪೇಟೆಗೂ ಬಂದಿವೆ. ಅವುಗಳ ಲೆಕ್ಕ ಸರಳ. ಒಂದು ಚದರ ಮೀಟರಿಗೆ 100ರಿಂದ 150 ವ್ಯಾಟ್, ಅಕ್ಕನ ಕೋಣೆ ಸುಮಾರು 11 ಚದರ ಮೀಟರ್, ರಾತ್ರಿ ಆರು ತಾಸು ಹಚ್ಚಿಟ್ಟರೆ 7ರಿಂದ 10 ಯೂನಿಟ್. ತಿಂಗಳಿಗೆ 200ರಿಂದ 300 ಯೂನಿಟ್ ಅದೊಂದಕ್ಕೇ ಹೋಗುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿಯ ಮಿತಿಯೇ 200 ಯೂನಿಟ್. ಬಡ್ಡಿ ಕಟ್ಟುತ್ತಿರುವ ಮನೆಗೆ ಇದು ಹೊರೆಯೇ. ಅದೂ ಅಲ್ಲದೆ ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕಳೆದುಕೊಂಡವರಿಗೆ ಬಿಸಿ ಹೆಚ್ಚಾದದ್ದು ಗೊತ್ತೇ ಆಗದೆ ಸುಟ್ಟ ಗಾಯವಾಗುತ್ತದೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ನಮಗೆ ಥಂಡಿ ನೆಲ ಬೇಡವಾಗುವುದು ವರ್ಷಕ್ಕೆ ಎರಡೂವರೆ ತಿಂಗಳು ಮಾತ್ರ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗಿಬಿಡುತ್ತದೆ. ಆಮೇಲೆ ಏಪ್ರಿಲ್, ಮೇ. ಬಿಸಿಲು 38-40ಕ್ಕೆ ಏರಿದಾಗ ಮಧ್ಯಾಹ್ನದ ಊಟ ಮುಗಿಸಿ ಚಾಪೆಯೂ ಇಲ್ಲದೆ ಬರೀ ಫರಸಿಯ ಮೇಲೆ ಬೆನ್ನು ಹಚ್ಚುವ ಸುಖ ಗದಗ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ನೆಲದ ಅಡಿಗೆ ಥರ್ಮೋಕೋಲ್ ತುಂಬಿ ಭೂಮಿಯ ಸಂಬಂಧವನ್ನೇ ಕಡಿದರೆ ಆ ಸುಖವೂ ಹೋಯಿತು. ಭೂಮಿ ನಮ್ಮ ಶತ್ರುವಲ್ಲ. ನಾಲ್ಕಾರು ಮೀಟರ್ ಆಳಕ್ಕೆ ಹೋದರೆ ನಮ್ಮ ಕಡೆಯ ಮಣ್ಣು ವರ್ಷವಿಡೀ ಸುಮಾರು 25-26 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಚಳಿಗಾಲದ ರಾತ್ರಿಯ ಗಾಳಿಗಿಂತ ಬೆಚ್ಚಗೆ, ಬೇಸಿಗೆಯ ಹಗಲಿನ ಗಾಳಿಗಿಂತ ತಂಪಗೆ. ಹಿಂದಿನವರು ಜೋಳವನ್ನು ನೆಲದಡಿಯ ಹಗೇವಿನಲ್ಲಿ ಹಾಕಿಡುತ್ತಿದ್ದುದು ಸುಮ್ಮನೆ ಅಲ್ಲ. ಬೆಟಗೇರಿಯ ಕುಣಿಮಗ್ಗದಲ್ಲಿ ನೇಕಾರರ ಕಾಲು ನೆಲದೊಳಗಿನ ಕುಣಿಯಲ್ಲೇ ಇರುತ್ತಿತ್ತು. ಮಗ್ಗದ ಮನೆಯಲ್ಲಿ ಬೆಳೆದ ಹಿರಿಯರೊಬ್ಬರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ಮಾಗ್ಯಾಗ ಕೈ ಸೆಟದು ಹೊಕ್ಕಿದ್ವು ನೋಡ್ರಿ, ಕುಣ್ಯಾಗಿನ ಕಾಲ ಮಾತ್ರ ಬೆಚ್ಚಗ ಇರ್ತಿದ್ವು." ಒಣ ಭೂಮಿಯ ಜೊತೆ ಸಂಬಂಧ ಇಟ್ಟುಕೊಂಡ ನೆಲ ಎರಡೂ ಕಾಲಕ್ಕೆ ಒಳ್ಳೆಯದು. ಅದಕ್ಕೆ ಪಸೆ ಬರದಂತೆ ನೋಡಿಕೊಂಡು, ಚಳಿಯ ಎರಡೂವರೆ ತಿಂಗಳು ಮೇಲೆ ಒಂದು ಹಾಸು ಹಾಕಿ, ಶಿವರಾತ್ರಿಗೆ ಸುತ್ತಿ ಇಡುವುದೇ ಸರಿಯಾದ ದಾರಿ.

ಒಂದು ಬಗೆಯ ಕೋಣೆಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಕೆಳಗೆ ಗಾಡಿ ನಿಲ್ಲಿಸಲು ಬಯಲು ಬಿಟ್ಟು ಮೇಲೆ ಕೂಡಿಸಿದ ಕೋಣೆಗಳು ಗದಗಿನ ಹೊಸ ಬಡಾವಣೆಗಳಲ್ಲಿ ಬೇಕಾದಷ್ಟಿವೆ. ಅವುಗಳ ನೆಲಕ್ಕೆ ಭೂಮಿಯ ನಂಟಿಲ್ಲ, ಅಡಿಯಿಂದ ರಾತ್ರಿಯ ಗಾಳಿ ಹೊಡೆಯುತ್ತಲೇ ಇರುತ್ತದೆ. ಅಲ್ಲಿ ಸ್ಲ್ಯಾಬಿನ ಕೆಳಮೈಗೆ ಎರಡು ಅಂಗುಲದ ಶಾಖತಡೆ ಹಾಳೆ ಹಚ್ಚಿಸುವುದು ಒಳ್ಳೆಯದು.

ಹಾಸು ಎಂದೆನಲ್ಲ, ಅದರ ಬಗ್ಗೆ ನಮ್ಮ ಸೀಮೆಯಷ್ಟು ಶ್ರೀಮಂತ ಸೀಮೆ ಇನ್ನೊಂದಿಲ್ಲ. ಡೆಕ್ಕನಿ ಕುರಿಯ ಒರಟು ಉಣ್ಣೆಯ ಕಂಬಳಿ ಇದೆ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡಿ ಕುರುಬರು ನೇಯ್ದದ್ದು, ತುಂಗಭದ್ರೆಯ ಹತ್ತಿರದ ಮೆಡ್ಲೇರಿ ಅದಕ್ಕೆ ಹೆಸರುವಾಸಿ. ಉಣ್ಣೆಗೆ ಒಂದು ವಿಶೇಷ ಗುಣವಿದೆ, ತನ್ನ ತೂಕದ ಮೂರನೆಯ ಒಂದು ಭಾಗದ ಹತ್ತಿರದವರೆಗೆ ಪಸೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ನವಲಗುಂದದ ಜಮಖಾನೆ ಇದೆ, ಮುಸ್ಲಿಂ ಹೆಣ್ಣುಮಕ್ಕಳು ನಿಂತ ಮಗ್ಗದಲ್ಲಿ ಪಗಡೆ, ನವಿಲು ತೆಗೆದು ನೇಯುವ ಹತ್ತಿಯ ದಪ್ಪ ಹಾಸು, ಭೌಗೋಳಿಕ ಗುರುತು ಪಡೆದದ್ದು. ಇವೆರಡಕ್ಕೂ ಮಿಗಿಲಾಗಿ ಕೌದಿ ಇದೆ.

ಕೌದಿಯನ್ನು ಹೊದೆಯುವ ವಸ್ತು ಎಂದಷ್ಟೇ ತಿಳಿದವರು ಅದನ್ನು ನೆಲಕ್ಕೆ ಹಾಸಿ ನೋಡಬೇಕು. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಎಲ್ಲವನ್ನೂ ಪದರ ಪದರವಾಗಿ ಹರವಿ, ಮೇಲೆ ಬಣ್ಣದ ತುಂಡು ಜೋಡಿಸಿ, ಉದ್ದ ಸೂಜಿಯಿಂದ ಬೆರಳಗಲ ಬಿಟ್ಟು ಬಿಟ್ಟು ಸಾಲು ಹೊಲಿಗೆ ಹಾಕುತ್ತಾರೆ. ಅಕ್ಕನ ಮನೆಯ ಪೆಟ್ಟಿಗೆಯಿಂದ ತೆಗೆದ ಕೌದಿಯೊಂದರ ಅಂಚು ಬಿಚ್ಚಿಕೊಂಡಿತ್ತು, ಎಣಿಸಿದರೆ ಏಳು ಪದರ. ಕೆಳಗಿನ ಪದರದಲ್ಲಿ ಮುದುಕಿಯ ಮದುವೆಯ ಕಾಲದ ಇಳಕಲ್ ಸೀರೆಯ ಕೆಂಪು ಸೆರಗು, ಅದರ ಮೇಲೆ ಅಕ್ಕನ ಮಾವನ ಧೋತರ. ಹೊಲಿಗೆಯ ದಾರ ಬಿಗಿದ ಕಡೆ ತಗ್ಗು, ನಡುವೆ ಉಬ್ಬು. ಆ ಉಬ್ಬಿನ ಒಳಗೆ, ಪದರಗಳ ನಡುವೆ, ಗಾಳಿ ಅಲುಗಾಡದೆ ಕೂತಿರುತ್ತದೆ. ಅಲುಗದ ಗಾಳಿಯಷ್ಟು ಶಾಖ ತಡೆಯುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಮುದುಕಿ ಆ ಕೌದಿಯ ಮೇಲೆ ಕಾಲಿಟ್ಟು, ಸೆರಗಿನ ತುಂಡನ್ನು ಹೆಬ್ಬೆರಳಿನಿಂದ ಸವರಿ, "ಇದು ನಮ್ಮವ್ವ ಕೊಡಿಸಿದ್ದು" ಎಂದಳು. ಅಂದು ರಾತ್ರಿಯೇ ಅವಳ ಹಾಸಿಗೆ ಹಿತ್ತಲ ಕೋಣೆಗೆ ಮರಳಿತು.

ಹಾಸುವಾಗ ಒಂದು ಎಚ್ಚರ ಬೇಕು. ಟೈಲ್ಸಿನ ಮೇಲೆ ಕೌದಿ ಜಾರುತ್ತದೆ, ವಯಸ್ಸಾದವರು ಬಿದ್ದರೆ ತೊಡೆಯೆಲುಬು ಹೋದಂತೆಯೇ. ಅಡಿಗೆ ರಬ್ಬರಿನ ಜಾಲರಿ ಹಾಕಿ, ಅದರ ಮೇಲೆ ಕಂಬಳಿ, ಅದರ ಮೇಲೆ ಕೌದಿ, ಮಡಿಕೆ ಬೀಳದಂತೆ ಅಂಚನ್ನು ಹೊರಸಿನ ಕಾಲಿನಡಿ ಸಿಕ್ಕಿಸಬೇಕು. ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಹಾಕಿ ಜಾಡಿಸಬೇಕು. ಗೋಣಿ ತಟ್ಟು ಹಾಕುವವರಿದ್ದಾರೆ, ಅದು ಪಸೆ ಹಿಡಿದು ಮುಗ್ಗಲು ನಾತ ಬರುತ್ತದೆ, ಬೇಡ.

ಬಾಣಂತಿ ಕೋಣೆಯ ವಿಷಯದಲ್ಲಿ ನನಗೆ ನಿಜವಾದ ಹೆದರಿಕೆಯಿದೆ. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಬುಟ್ಟಿ ಇಡುವ, ಕೂಸಿಗೆ ಕಾಸುವ ವಾಡಿಕೆ ಇದೆ. ಹಳೆಯ ಮಾಳಿಗೆ ಮನೆಗೆ ಬೆಳಕಿಂಡಿ ಇತ್ತು, ಬಾಗಿಲು ಸಂದು ಬಿಡುತ್ತಿತ್ತು, ಹೊಗೆ ಹೋಗಲು ದಾರಿಯಿತ್ತು. ಹೊಸ ಕೋಣೆಗೆ ಗಾಜಿನ ಕಿಟಕಿ, ಬಿಗಿಯಾದ ಬಾಗಿಲು. ಅದರೊಳಗೆ ಇದ್ದಿಲ ಕೆಂಡ ಇಟ್ಟು ಮಲಗಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಹೊಗೆ ಕಾಣದ ಕೆಂಡವೇ ಇದರಲ್ಲಿ ಹೆಚ್ಚು ಅಪಾಯ. ಕಾಸಬೇಕಿದ್ದರೆ ಕಿಟಕಿ ಬಾಗಿಲು ತೆರೆದಿಟ್ಟು ಎಚ್ಚರವಿದ್ದಾಗ ಕಾಸಿ, ಮಲಗುವ ಮೊದಲು ಕೆಂಡವನ್ನು ಹೊರಗೆ ಒಯ್ಯಿರಿ. ಇದನ್ನು ಮನೆಯ ಹಿರಿಯ ಹೆಂಗಸರಿಗೆ ಬಿಡಿಸಿ ಹೇಳಿ. ಅವರು ಪ್ರೀತಿಯಿಂದಲೇ ಇಡುತ್ತಾರೆ, ಈ ವಿಷ ಮಾತ್ರ ಪ್ರೀತಿಯನ್ನು ನೋಡುವುದಿಲ್ಲ.

ಮಹಾನವಮಿಗೆ ಮೊದಲು ಮನೆ ಸಾರಣೆ ಮಾಡಿ ಹಾಸಿಗೆ ತೊಳೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಆಗ ಟ್ರಂಕಿನಿಂದ ಹಳೆಯ ಸೀರೆಗಳು ಹೊರಬೀಳುತ್ತವೆ, ಸ್ಟೀಲ್ ಪಾತ್ರೆಯವರೂ ಅದೇ ಹೊತ್ತಿಗೆ ಓಣಿಗೆ ಬರುತ್ತಾರೆ. ಒಂದು ಡಬ್ಬಿಗೆ ಆರು ಸೀರೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ನೂಲಿನ ಸೀರೆ, ಧೋತರಗಳನ್ನು ಆರಿಸಿ ತೆಗೆದಿಡಿ. ಪಾಲಿಯೆಸ್ಟರ್ ಜಾರುತ್ತದೆ, ಕೌದಿಗೆ ಬರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಕೌದಿ ಹೊಲಿಯುವ ಹೆಣ್ಣುಮಕ್ಕಳು ಊರಿಗೆ ಬಂದಾಗ ಪಡಸಾಲೆಯಲ್ಲಿ ಜಾಗ ಮಾಡಿಕೊಟ್ಟು ಒಂದು ದೊಡ್ಡ ಕೌದಿ ಹೊಲಿಸಿಕೊಳ್ಳಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಕೋಣೆ ಕಟ್ಟಿಸುವವರಿದ್ದರೆ ಗೌಂಡಿಗೆ ಟೈಲ್ಸಿನ ಬಣ್ಣ ಹೇಳುವ ಮೊದಲು ಅಡಿಯ ಪ್ಲಾಸ್ಟಿಕ್ ಹಾಳೆಯ ಮಾತು ತೆಗೆಯಿರಿ, ಹಾಳೆ ಹಾಸುವ ದಿನ ನೀವೇ ಮುಂದೆ ನಿಂತು ನೋಡಿ.